ಡ್ಯಾಶ್‌ಬೋರ್ಡಿನಡಿಯ ಬ್ರೇಕು ಸಿಲಿಂಡರು: ಹಾಟ್ ರಾಡ್ ಗಾಡಿಯಲ್ಲಿ ಒಂದು ಸ್ಥಾನಪಲ್ಲಟದ ಇತಿಹಾಸ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ಹಾಟ್ ರಾಡ್’ ಎಂದು ಕರೆಯಲ್ಪಡುವ ಒಂದು ಬಗೆಯ ಮೋಟಾರು ಗಾಡಿಯುಂಟು. ಹಳೆಯ ಗಾಡಿಯೊಂದರ ಒಡಲನ್ನು ಉಳಿಸಿಕೊಂಡು, ಅದಕ್ಕೆ ಹೆಚ್ಚು ಬಲದ ಎಂಜಿನನ್ನು ಜೋಡಿಸಿ, ಅನಾವಶ್ಯಕವೆಂದು ತೋರಿದ ಭಾಗಗಳನ್ನು ಕಳಚಿ, ವೇಗಕ್ಕಾಗಿ ಮಾರ್ಪಡಿಸಿದ ಗಾಡಿಯೇ ಹಾಟ್ ರಾಡ್. ಇಂಥ ಗಾಡಿಗಳ ಎಂಜಿನುಗಳ ವಿಚಾರವಾಗಿ ಸಾಕಷ್ಟು ಬರೆಯಲ್ಪಟ್ಟಿದೆ. ಪ್ರಕೃತ ಲೇಖನದಲ್ಲಿ ನಾವು ಎಂಜಿನನ್ನು ಬದಿಗಿಟ್ಟು, ಬ್ರೇಕಿನ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣದೊಂದು ಭಾಗವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಈ ಭಾಗವು ಮೊದಲು ಗಾಡಿಯ ನೆಲದ ಕೆಳಗಿತ್ತು; ಬಳಿಕ ಎಂಜಿನಿನ ಕೋಣೆಗೆ ಏರಿತು; ಅನಂತರ ಅನೇಕ ಹಾಟ್ ರಾಡುಗಳಲ್ಲಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಡಗಿಕೊಂಡಿತು. ಈ ಸ್ಥಾನಪಲ್ಲಟಕ್ಕೆ ಕಾರಣಗಳೇನು, ಅದರಿಂದ ಸಾಧಿಸಿದ್ದೇನು, ಕಳೆದುಕೊಂಡದ್ದೇನು ಎಂಬುದೇ ನಮ್ಮ ವಿಷಯ.

ಹಾಟ್ ರಾಡಿನ ತವರು ದಕ್ಷಿಣ ಕ್ಯಾಲಿಫೋರ್ನಿಯಾ. ಅಲ್ಲಿನ ಮುರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಗಳ ಸಮತಟ್ಟಾದ ಪಾತ್ರಗಳಲ್ಲಿ ತರುಣರು ತಮ್ಮ ಗಾಡಿಗಳನ್ನು ಓಡಿಸಿ ವೇಗವನ್ನು ಅಳೆಯುತ್ತಿದ್ದರು. 1937ರಲ್ಲಿ ಈ ಪಂದ್ಯಗಳ ವ್ಯವಸ್ಥೆಗಾಗಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಈ ಹವ್ಯಾಸವು ದೇಶದಾದ್ಯಂತ ಹಬ್ಬಿತು. 1948ರಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಪತ್ರಿಕೆಯೇ ಹೊರಟಿತು. ಈ ತರುಣರು ವಿಶೇಷವಾಗಿ ಆರಿಸಿಕೊಂಡದ್ದು ಫೋರ್ಡ್ ಸಂಸ್ಥೆಯ ಅಗ್ಗದ ಗಾಡಿಗಳನ್ನು: 1928ರಿಂದ 1931ರವರೆಗಿನ ‘ಮಾಡೆಲ್ ಎ’ಯನ್ನು, ಮತ್ತು ಎಂಟು ಸಿಲಿಂಡರಿನ ಎಂಜಿನಿನೊಡನೆ 1932ರಲ್ಲಿ ಬಂದ ಗಾಡಿಯನ್ನು. ಇವು ಹಗುರ, ಸುಲಭಲಭ್ಯ. ಇವುಗಳ ಬಿಡಿಭಾಗಗಳು ಹಳೆಯ ಸಾಮಾನಿನ ಅಂಗಳಗಳಲ್ಲಿ ಬೇಕಾದಷ್ಟು ದೊರೆಯುತ್ತಿದ್ದುವು. ಆದರೆ ಇವುಗಳಿಗೆ ಒಂದು ಕೊರತೆಯಿತ್ತು. ಇವುಗಳ ಬ್ರೇಕುಗಳು ಕಾಲಿನ ಒತ್ತನ್ನು ಉಕ್ಕಿನ ಸರಳುಗಳ ಮೂಲಕ ಗಾಲಿಗೆ ಮುಟ್ಟಿಸುತ್ತಿದ್ದುವು. ನಾಲ್ಕು ಗಾಲಿಗಳ ಸರಳುಗಳನ್ನೂ ಒಂದೇ ಹದಕ್ಕೆ ತಂದು ನಿಲ್ಲಿಸುವುದು ಕಷ್ಟವಾಗಿತ್ತು. ವೇಗವನ್ನು ಹೆಚ್ಚಿಸಿದವನು ನಿಲ್ಲಿಸುವ ಉಪಾಯವನ್ನೂ ಹುಡುಕಲೇಬೇಕಾಯಿತು.

ಆ ಉಪಾಯವು ಆ ವೇಳೆಗೆ ಸಿದ್ಧವಾಗಿತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಫ್ರಾನ್ಸಿನ ಪಾಸ್ಕಲ್ (1623–1662) ಪ್ರತಿಪಾದಿಸಿದ್ದನು. ಇದನ್ನು ಮೋಟಾರು ಗಾಡಿಯ ಬ್ರೇಕಿಗೆ ಅಳವಡಿಸಿದವರಲ್ಲಿ ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಪ್ರಮುಖನು. 1921ರ ಡ್ಯೂಸೆನ್‌ಬರ್ಗ್ ಗಾಡಿಯಲ್ಲಿಯೂ 1924ರ ಕ್ರೈಸ್ಲರ್ ಗಾಡಿಯಲ್ಲಿಯೂ ನಾಲ್ಕು ಗಾಲಿಗಳಿಗೂ ದ್ರವದ ಬ್ರೇಕುಗಳು ಬಂದುವು. ಪೆಡಲನ್ನು ತುಳಿದಾಗ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಮುಂದೆ ಸರಿದು ದ್ರವವನ್ನು ಒತ್ತುತ್ತದೆ. ಆ ಒತ್ತಡವು ಕೊಳವೆಗಳ ಮೂಲಕ ಹೋಗಿ ಗಾಲಿಗಳ ಬಳಿಯಿರುವ ಚಿಕ್ಕ ಸಿಲಿಂಡರುಗಳನ್ನು ಚಾಲನೆಗೊಳಿಸುತ್ತದೆ. ಪೆಡಲಿಗೆ ಅಂಟಿಕೊಂಡಿರುವ ಆ ಮೊದಲನೆಯದೇ ಮಾಸ್ಟರ್ ಸಿಲಿಂಡರ್. ಫೋರ್ಡ್ ಸಂಸ್ಥೆಯು ಮಾತ್ರ ಸರಳುಗಳನ್ನೇ ನೆಚ್ಚಿಕೊಂಡಿದ್ದು, 1939ರ ಮಾದರಿಯಲ್ಲಿ ದ್ರವದ ಬ್ರೇಕನ್ನು ಒಪ್ಪಿಕೊಂಡಿತು.

ಹಾಟ್ ರಾಡ್ ತಯಾರಕರು ಕೂಡಲೇ ಈ 1939ರ ಪೆಡಲುಗಳನ್ನೂ ಸಿಲಿಂಡರನ್ನೂ ತೆಗೆದು 1932ರ ಚೌಕಟ್ಟಿಗೆ ಜೋಡಿಸತೊಡಗಿದರು. ಇದರಲ್ಲಿ ಸಿಲಿಂಡರು ಚಾಲಕನ ಕಾಲಡಿಯಲ್ಲಿ, ನೆಲಹಲಗೆಯ ಕೆಳಗೆ ಇರುತ್ತಿತ್ತು. ಇದೇ ಮೊದಲನೆಯ ಸ್ಥಾನ. ಇದರಲ್ಲಿ ಮೂರು ತೊಡಕುಗಳಿದ್ದುವು. ದ್ರವದ ಮಟ್ಟವನ್ನು ನೋಡಬೇಕಾದರೆ ನೆಲಹಾಸನ್ನು ಎತ್ತಬೇಕು. ಹೊಗೆಯ ಕೊಳವೆ ಸಮೀಪದಲ್ಲಿ ಹಾದುಹೋದರೆ ದ್ರವವು ಕಾಯುತ್ತದೆ. ಸಿಲಿಂಡರು ಗಾಲಿಗಳ ಸಿಲಿಂಡರುಗಳಿಗಿಂತ ತಗ್ಗಿನಲ್ಲಿದ್ದರೆ ದ್ರವವು ಹಿಂದಕ್ಕೆ ಇಳಿದುಬರುತ್ತದೆ. ಕೊನೆಯ ದೋಷವನ್ನು ತಡೆಯಲು ಕೊಳವೆಯಲ್ಲಿ ಅಲ್ಪ ಒತ್ತಡವನ್ನು ಉಳಿಸುವ ಕವಾಟವನ್ನು ಹಾಕುವುದುಂಟು. ಡಿಸ್ಕ್ ಬ್ರೇಕಿಗೆ ಚದರ ಅಂಗುಲಕ್ಕೆ 2 ಪೌಂಡು, ಡ್ರಮ್ ಬ್ರೇಕಿಗೆ 10 ಪೌಂಡು ಎಂಬುದು ರೂಢಿಯಲ್ಲಿರುವ ಅಳತೆ.

ಎರಡನೆಯ ಸ್ಥಾನವು ಕಾರ್ಖಾನೆಗಳಿಂದಲೇ ಬಂದಿತು. 1952ರ ಫೋರ್ಡ್ ಗಾಡಿಯಲ್ಲಿ ಪೆಡಲುಗಳು ನೆಲದಿಂದ ಮೇಲೇಳುವುದನ್ನು ಬಿಟ್ಟು ಮೇಲಿನಿಂದ ಜೋಲತೊಡಗಿದುವು. ಈ ಪದ್ಧತಿಯು ಬಳಕೆಗೆ ಬಂದಂತೆ ಮಾಸ್ಟರ್ ಸಿಲಿಂಡರು ಎಂಜಿನಿಗೂ ಪ್ರಯಾಣಿಕರಿಗೂ ನಡುವಣ ತಡೆತಗಡಿನ ಮೇಲೆ ನೆಲೆಸಿತು. ಮುಂಭಾಗದ ಮುಚ್ಚಳವನ್ನು ಎತ್ತಿದ ಕೂಡಲೆ ಅದು ಕಣ್ಣಿಗೆ ಬೀಳುತ್ತದೆ. ದುರಸ್ತಿ ಮಾಡುವವನಿಗೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಆದರೆ ಹಾಟ್ ರಾಡಿನಲ್ಲಿ ಇದಕ್ಕೆ ಎರಡು ಅಡ್ಡಿಗಳು ಬಂದುವು. ಮೊದಲನೆಯದು ಎಡೆಯ ಕೊರತೆ: ಹಳೆಯ ಗಾಡಿಯ ಇಕ್ಕಟ್ಟಾದ ಕೋಣೆಯಲ್ಲಿ ದೊಡ್ಡ ಎಂಜಿನನ್ನು ಕೂರಿಸಿದ ಮೇಲೆ ತಡೆತಗಡಿನ ಮುಂದೆ ಜಾಗವೇ ಉಳಿಯದು. 1955ರಲ್ಲಿ ಬಂದು ಹಾಟ್ ರಾಡ್ ತಯಾರಕರಿಗೆ ಅಚ್ಚುಮೆಚ್ಚಾದ ಷೆವ್ರೊಲೆ ಎಂಜಿನಿನಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಹಿಂದುಗಡೆ, ತಡೆತಗಡಿನ ಪಕ್ಕದಲ್ಲಿಯೇ ಇದೆ. ಎರಡನೆಯದು ಅಭಿರುಚಿ: ಅನೇಕ ಹಾಟ್ ರಾಡುಗಳಿಗೆ ಎಂಜಿನಿನ ಮುಚ್ಚಳವೇ ಇರುವುದಿಲ್ಲವಾದ ಕಾರಣ ತಡೆತಗಡು ಸದಾ ಪ್ರದರ್ಶಿತವಾಗಿರುತ್ತದೆ, ಅದು ನುಣುಪಾಗಿ, ಬರಿದಾಗಿ ಕಾಣಬೇಕೆಂಬುದು ಒಡೆಯರ ಅಪೇಕ್ಷೆ.

ಹೀಗೆ ಸಿಲಿಂಡರು ಮೂರನೆಯ ಸ್ಥಾನವಾದ ಡ್ಯಾಶ್‌ಬೋರ್ಡಿನ ಅಡಿಗೆ ಬಂದಿತು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ‘ಮಾಡೆಲ್ ಎ’ ಗಾಡಿಯಲ್ಲಿ ಈ ಎಡೆಯು ಮೂಲತಃ ಖಾಲಿಯಾಗಿರಲಿಲ್ಲ. ಗಾಳಿಗಾಜಿನ ಮುಂದೆ, ಡ್ಯಾಶ್‌ಬೋರ್ಡಿನ ಹಿಂದೆ ಪೆಟ್ರೋಲಿನ ತೊಟ್ಟಿಯಿತ್ತು. 1932ರ ಮಾದರಿಯಲ್ಲಿ ತೊಟ್ಟಿಯು ಗಾಡಿಯ ಹಿಂಭಾಗಕ್ಕೆ ಹೋಯಿತು. ಆದುದರಿಂದ 1932ರ ಗಾಡಿಯಲ್ಲಿ ಸಿಲಿಂಡರಿಗೆ ಎಡೆ ಸಹಜವಾಗಿಯೇ ದೊರೆಯುತ್ತದೆ. ‘ಮಾಡೆಲ್ ಎ’ಯಲ್ಲಾದರೆ ಸಾಮಾನ್ಯವಾಗಿ ಮೊದಲು ತೊಟ್ಟಿಯನ್ನು ಸ್ಥಳಾಂತರಿಸಬೇಕು. ಒಂದು ಭಾಗದ ಆಗಮನಕ್ಕೆ ಇನ್ನೊಂದು ಭಾಗದ ನಿರ್ಗಮನವು ದಾರಿ ಮಾಡಿಕೊಡುತ್ತದೆ.

ಈ ಜೋಡಣೆಯ ಯಂತ್ರತತ್ತ್ವವನ್ನು ಈಗ ವಿಚಾರಿಸೋಣ. ಸಾಮಾನ್ಯವಾಗಿ ಜೋಲುವ ಪೆಡಲಿನಲ್ಲಿ ಕೀಲು ಮೇಲ್ತುದಿಯಲ್ಲಿದ್ದು, ಪಿಸ್ಟನನ್ನು ತಳ್ಳುವ ಕಡ್ಡಿಯು ಕೀಲಿನ ಕೆಳಗೆ ಸೇರಿಕೊಂಡಿರುತ್ತದೆ. ತುಳಿದಾಗ ಕಡ್ಡಿಯು ಮುಂದಕ್ಕೆ, ಎಂಜಿನಿನ ಕಡೆಗೆ ಸಾಗುತ್ತದೆ. ಡ್ಯಾಶ್‌ಬೋರ್ಡಿನಡಿಯ ಜೋಡಣೆಯ ಒಂದು ಪ್ರಸಿದ್ಧ ಕ್ರಮದಲ್ಲಿ ಪೆಡಲಿನ ತೋಳು ಕೀಲಿನಿಂದ ಮೇಲಕ್ಕೂ ಚಾಚಿಕೊಂಡಿರುತ್ತದೆ. ಪಾದವು ಕೆಳತುದಿಯನ್ನು ಮುಂದಕ್ಕೆ ತಳ್ಳಿದಾಗ ಮೇಲ್ತುದಿಯು ಹಿಂದಕ್ಕೆ, ಚಾಲಕನ ಕಡೆಗೆ ಸರಿದು, ಹಿಮ್ಮೊಗವಾಗಿ ಕೂರಿಸಿದ ಸಿಲಿಂಡರಿನೊಳಕ್ಕೆ ಕಡ್ಡಿಯನ್ನು ಒತ್ತುತ್ತದೆ. ಮೊದಲನೆಯದು ಎರಡನೆಯ ವರ್ಗದ ಸನ್ನೆ. ಎರಡನೆಯದು ತಕ್ಕಡಿಯಂತೆ ಮೊದಲನೆಯ ವರ್ಗದ ಸನ್ನೆ. ಈ ಭೇದವು ಕೇವಲ ಪಾರಿಭಾಷಿಕವಲ್ಲ. ಇದರ ಪರಿಣಾಮವನ್ನು ಮುಂದೆ ಕಾಣುವೆವು.

ಬಾಹ್ಯಶಕ್ತಿಯ ಸಹಾಯವಿಲ್ಲದ ಬ್ರೇಕಿಗೆ ಪೆಡಲಿನ ಸನ್ನೆಯ ಪ್ರಮಾಣವು ಸುಮಾರು 6ಕ್ಕೆ 1 ಇರಬೇಕೆಂಬುದು ಅನುಭವಸಿದ್ಧವಾದ ನಿಯಮ. ಕೀಲಿನಿಂದ ಪಾದಪೀಠಕ್ಕೆ 30 ಸೆಂಟಿಮೀಟರು, ಕೀಲಿನಿಂದ ಕಡ್ಡಿಗೆ 5 ಸೆಂಟಿಮೀಟರು ಇದ್ದರೆ ಈ ಪ್ರಮಾಣ ದೊರೆಯುತ್ತದೆ. ಚಾಲಕನು 30 ಕಿಲೋಗ್ರಾಂ ಬಲದಿಂದ ತುಳಿದರೆ ಕಡ್ಡಿಯ ಮೇಲೆ 180 ಕಿಲೋಗ್ರಾಂ ಬಲ ಬೀಳುತ್ತದೆ. ಸಿಲಿಂಡರಿನ ಒಳವ್ಯಾಸವು 1 ಅಂಗುಲವಾದರೆ ಪಿಸ್ಟನಿನ ವಿಸ್ತೀರ್ಣ ಸುಮಾರು 5.07 ಚದರ ಸೆಂಟಿಮೀಟರು. ಆಗ ದ್ರವದ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋಗ್ರಾಂ. ವ್ಯಾಸವನ್ನು ಅಂಗುಲದ ಎಂಟನೆಯ ಏಳು ಭಾಗಕ್ಕೆ ಇಳಿಸಿದರೆ ಅದೇ ತುಳಿತಕ್ಕೆ ಒತ್ತಡವು ಸುಮಾರು 46ಕ್ಕೆ ಏರುತ್ತದೆ. ಆದರೆ ಅಷ್ಟೇ ದ್ರವವನ್ನು ನೂಕಲು ಪೆಡಲು ಸುಮಾರು ಶೇಕಡ 30ರಷ್ಟು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಇಕ್ಕಟ್ಟಿನಲ್ಲಿ ಎಡೆ ಸಾಲದೆಂದು ತೋಳನ್ನು ಮೊಟಕುಗೊಳಿಸಿ 24 ಸೆಂಟಿಮೀಟರು ಮಾಡಿ, ಕಡ್ಡಿಯನ್ನು ಕೀಲಿನಿಂದ 8 ಸೆಂಟಿಮೀಟರು ದೂರಕ್ಕೆ ಒಯ್ದರೆ ಪ್ರಮಾಣವು 3ಕ್ಕೆ ಕುಸಿದು, ಬ್ರೇಕಿನ ಬಲ ಅರ್ಧಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡು ಪೆಡಲುಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುವುವು.

ಇನ್ನು ಆಧಾರದ ಮಾತು. ಗಾಬರಿಯಲ್ಲಿ ಚಾಲಕನು 70 ಕಿಲೋಗ್ರಾಂ ಬಲದಿಂದ ತುಳಿದನೆನ್ನೋಣ. ಕಡ್ಡಿಯ ಮೇಲಿನ ಬಲ 420 ಕಿಲೋಗ್ರಾಂ. ಸಾಮಾನ್ಯ ಜೋಲುಪೆಡಲಿನಲ್ಲಿ ಕೀಲಿನ ಮೇಲೆ ಬೀಳುವುದು ಇವೆರಡರ ವ್ಯತ್ಯಾಸ, ಅಂದರೆ 350 ಕಿಲೋಗ್ರಾಂ. ಹಿಮ್ಮೊಗದ ಜೋಡಣೆಯಲ್ಲಿಯಾದರೋ ಬೀಳುವುದು ಇವೆರಡರ ಮೊತ್ತ, 490 ಕಿಲೋಗ್ರಾಂ. ಕೀಲು ಮುಂದಕ್ಕೆ ತಳ್ಳಲ್ಪಡುವಾಗ ಸಿಲಿಂಡರು ಹಿಂದಕ್ಕೆ ತಳ್ಳಲ್ಪಡುತ್ತದೆ. ಇವೆರಡನ್ನೂ ಒಂದೇ ದಪ್ಪ ಉಕ್ಕಿನ ಆಧಾರಫಲಕಕ್ಕೆ ಬಿಗಿದಿದ್ದರೆ ಈ ವಿರುದ್ಧ ಬಲಗಳ ಬಹುಭಾಗ ಆ ಫಲಕದೊಳಗೇ ಪರಿಹಾರವಾಗಿ, ಗಾಡಿಯ ಒಡಲಿಗೆ ತಟ್ಟುವುದು ಪಾದದ 70 ಕಿಲೋಗ್ರಾಂ ಮತ್ತು ಅದು ಹುಟ್ಟಿಸುವ ತಿರುಚು ಮಾತ್ರ. ಹಾಗಲ್ಲದೆ ಕೀಲನ್ನು ಒಂದೆಡೆಗೂ ಸಿಲಿಂಡರನ್ನು ಡ್ಯಾಶ್‌ಬೋರ್ಡಿನ ತೆಳು ತಗಡಿಗೂ ಕಟ್ಟಿದರೆ ತಗಡು ಬಾಗುತ್ತದೆ. ಪೆಡಲು ಚಲಿಸಿದಂತೆ ತೋರಿದರೂ ಪಿಸ್ಟನ್ ಅಷ್ಟು ಚಲಿಸಿರುವುದಿಲ್ಲ. ಡ್ಯಾಶ್‌ಬೋರ್ಡು ಮಾಪಕಗಳನ್ನು ಹೊರಲು ಹುಟ್ಟಿದ್ದೇ ಹೊರತು ಬ್ರೇಕನ್ನು ಹೊರಲು ಅಲ್ಲ.

ದ್ರವದ ವಿಷಯದಲ್ಲಿಯೂ ಕೆಲವು ನಿಯಮಗಳಿವೆ. ಸಿಲಿಂಡರು ಗಾಲಿಗಳಿಗಿಂತ ಎತ್ತರದಲ್ಲಿರುವುದರಿಂದ ದ್ರವವು ಹಿಂದಿಳಿಯುವ ಭಯವಿಲ್ಲ. ಡಿಸ್ಕ್ ಬ್ರೇಕಿಗೆ 2 ಪೌಂಡಿನ ಕವಾಟ ಬೇಕಾಗುವುದಿಲ್ಲ. ಆದರೆ ಡ್ಯಾಶ್‌ಬೋರ್ಡಿನಡಿಯಲ್ಲಿ ಮುಚ್ಚಳ ತೆರೆದು ದ್ರವ ಸುರಿಯಲು ಎಡೆಯಿಲ್ಲದ್ದರಿಂದ, ದ್ರವದ ಪಾತ್ರೆಯನ್ನು ಬೇರ್ಪಡಿಸಿ, ಸಿಲಿಂಡರಿಗಿಂತ ಎತ್ತರದಲ್ಲಿ ಕೈಗೆಟುಕುವೆಡೆ ಇರಿಸಿ, ಕೊಳವೆಯಿಂದ ಜೋಡಿಸಬೇಕು. ಸಿಲಿಂಡರು ಹೆಚ್ಚುಕಡಿಮೆ ಸಮತಲದಲ್ಲಿರಬೇಕು. ಅದರ ಮುಚ್ಚಿದ ತುದಿ ಮೇಲೆದ್ದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಯು ದ್ರವದಂತಲ್ಲದೆ ಅದುಮಿಕೊಳ್ಳುವ ವಸ್ತುವಾದ್ದರಿಂದ ಪೆಡಲು ಮೆತ್ತಗಾಗುತ್ತದೆ. ಆದಕಾರಣ ಗಾಡಿಗೆ ಜೋಡಿಸುವ ಮೊದಲೇ ಸಿಲಿಂಡರನ್ನು ಮೇಜಿನ ಮೇಲೆ ಹಿಡಿಕೆಯಲ್ಲಿ ಬಿಗಿದು, ದ್ರವ ತುಂಬಿ ಗಾಳಿಯನ್ನು ಹೊರಡಿಸುವುದು ಕ್ರಮ. ಕಡ್ಡಿಗೂ ಪಿಸ್ಟನಿಗೂ ನಡುವೆ ಸುಮಾರು ಒಂದೂವರೆ ಮಿಲಿಮೀಟರಿನ ಸಡಿಲವಿರಬೇಕು. ಇಲ್ಲವಾದರೆ ದ್ರವವು ಪಾತ್ರೆಗೆ ಹಿಂತಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ದ್ರವ ಕಾದು ಹಿಗ್ಗಿದಂತೆಲ್ಲ ಬ್ರೇಕು ತಾನಾಗಿಯೇ ಹಿಡಿಯತೊಡಗುತ್ತದೆ. ಸಾಮಾನ್ಯ ಬ್ರೇಕು ದ್ರವವು ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ದರ್ಜೆಯ ದ್ರವದ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್ ಇರಬೇಕು; ತೇವ ಸೇರಿದ ಮೇಲಿನ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಈ ದ್ರವವು ಬಣ್ಣವನ್ನೂ ಕೆಡಿಸುವುದರಿಂದ, ಡ್ಯಾಶ್‌ಬೋರ್ಡಿನಡಿಯ ಸೋರಿಕೆಯು ಚಾಲಕನ ಪಾದದ ಮೇಲೂ ಗಾಡಿಯ ಅಲಂಕಾರದ ಮೇಲೂ ಏಕಕಾಲದಲ್ಲಿ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. 1939ರ ಫೋರ್ಡ್ ಸಿಲಿಂಡರಿನಲ್ಲಿ ಇದ್ದದ್ದು ಒಂದೇ ಕೋಣೆ. ಒಂದು ಕೊಳವೆ ಒಡೆದರೆ ನಾಲ್ಕು ಗಾಲಿಗಳ ಬ್ರೇಕೂ ಹೋಗುತ್ತಿತ್ತು. 1962ರ ಕ್ಯಾಡಿಲಾಕ್ ಗಾಡಿಗಳಲ್ಲಿ ಎರಡು ಪ್ರತ್ಯೇಕ ಕೋಣೆಗಳ ಸಿಲಿಂಡರು ಬಂದಿತು. 1968ರ ಜನವರಿ 1ರಿಂದ ಅಮೆರಿಕದಲ್ಲಿ ತಯಾರಾಗುವ ಕಾರುಗಳಿಗೆ ಇಂಥ ವಿಭಜಿತ ವ್ಯವಸ್ಥೆಯು ಕಡ್ಡಾಯವಾಯಿತು. ಹಳೆಯ ಒಡಲಿನೊಳಗೆ ಎರಡು ಕೋಣೆಯ ಸಿಲಿಂಡರನ್ನು ಇಡುವವನು ಆ ಕಾಲದ ಗಾಡಿಗೆ ಇಲ್ಲದಿದ್ದ ರಕ್ಷಣೆಯನ್ನು ಕೊಡುತ್ತಾನೆ. ಆದರೆ ಅದನ್ನು ಕಣ್ಣಿಗೆ ಬೀಳದಂತೆ ಇಟ್ಟಾಗ ಆ ರಕ್ಷಣೆಯ ಒಂದಂಶವನ್ನು ತಾನೇ ಹಿಂತೆಗೆದುಕೊಳ್ಳುತ್ತಾನೆ. ಒಂದು ಕೋಣೆ ಬರಿದಾದರೂ ಗಾಡಿ ಹೇಗೋ ನಿಲ್ಲುತ್ತಿರುವುದರಿಂದ, ಎರಡನೆಯದೂ ಬರಿದಾಗುವವರೆಗೆ ದೋಷವು ತಿಳಿಯದೆ ಹೋಗಬಹುದು. ಆದುದರಿಂದ ಎಚ್ಚರಿಕೆಯ ದೀಪವೂ, ಹೊರಗೆ ಕಾಣುವ ದ್ರವಪಾತ್ರೆಯೂ ಇಲ್ಲದ ಡ್ಯಾಶ್‌ಬೋರ್ಡಿನಡಿಯ ಜೋಡಣೆಯನ್ನು, ಅದು ಎಷ್ಟೇ ಅಂದವಾಗಿರಲಿ, ಸಮರ್ಪಕವೆಂದು ನಾವು ಒಪ್ಪಲಾರೆವು.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠವೂ ಇದೆ. ನೆಲದಲ್ಲಿ ಹೂತಿಟ್ಟ ನಿಧಿಯೊಂದು ದೊರೆತಾಗ, ಅದರಲ್ಲಿನ ನಾಣ್ಯಗಳ ಪೈಕಿ ಅತ್ಯಂತ ಈಚಿನದಕ್ಕಿಂತ ಮೊದಲು ಅದನ್ನು ಹೂತಿರಲಾರರೆಂದು ನಾವು ನಿರ್ಣಯಿಸುತ್ತೇವೆ. ಹಾಟ್ ರಾಡನ್ನೂ ಹಾಗೆಯೇ ಓದಬೇಕು. ಒಡಲು 1932ರದು, ಎಂಜಿನು 1955ರದು, ಬ್ರೇಕಿನ ವ್ಯವಸ್ಥೆ 1968ರ ಅನಂತರದ್ದು. ಹೊರನೋಟವನ್ನು ನಂಬಿದವನು ಮೊದಲನೆಯ ವರ್ಷವನ್ನೇ ಹೇಳುವನು. ನೆಲದ ಮೇಲೆ ಮಲಗಿ ಡ್ಯಾಶ್‌ಬೋರ್ಡಿನ ಅಡಿಯನ್ನು ದೀಪ ಹಿಡಿದು ನೋಡಿದವನು ಕೊನೆಯದನ್ನು ಕಾಣುವನು. ಆ ಗಾಡಿಯಲ್ಲಿ ಕುಳಿತು ಹೊರಡುವವನ ಪ್ರಾಣವು ಅವಲಂಬಿಸಿರುವುದೂ ಆ ಕೊನೆಯದನ್ನೇ. ಆದಕಾರಣ ವಿದ್ವಾಂಸನಾಗಲಿ ಯಂತ್ರಕರ್ಮಿಯಾಗಲಿ, ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.