ಅಕ್ಷಿಪಟಲದ ಚಿಕಿತ್ಸೆಯ ನಂತರ ಪೊರೆಯ ಶಸ್ತ್ರಚಿಕಿತ್ಸೆ ಯಾವಾಗ?

ಕಣ್ಣಿನ ಹಿಂಭಾಗದ ಅಕ್ಷಿಪಟಲವು ಕಳಚಿಕೊಂಡಾಗ ಅದನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೂಡಿಸಲಾಗುತ್ತದೆ. ಕೆಲವು ತಿಂಗಳುಗಳ ಬಳಿಕ ದೃಷ್ಟಿ ಪುನಃ ಮಸುಕಾದರೆ ರೋಗಿಯು ಭಯಪಡುವುದು ಸಹಜ. ಅನೇಕ ವೇಳೆ ಇದಕ್ಕೆ ಕಾರಣ ಕಣ್ಣಿನ ಪೊರೆ. ಆದರೆ ಅದನ್ನು ವೈದ್ಯರ ತಪಾಸಣೆಯೇ ನಿರ್ಧರಿಸಬೇಕು.

ಕಣ್ಣಿನೊಳಗಿನ ಲೋಳೆಯಂತಹ ದ್ರವ್ಯವನ್ನು ತೆಗೆಯುವ ವಿಟ್ರೆಕ್ಟಮಿ ಚಿಕಿತ್ಸೆ ಪಡೆದ, 50 ವರ್ಷ ಮೀರಿದವರಲ್ಲಿ ಬಹುತೇಕರಿಗೆ ಸುಮಾರು 2 ವರ್ಷಗಳೊಳಗೆ ಪೊರೆ ಬೆಳೆಯುತ್ತದೆ. ಅಕ್ಷಿಪಟಲಕ್ಕೆ ಆಧಾರವಾಗಿ ತುಂಬುವ ಸಿಲಿಕೋನ್ ಎಣ್ಣೆಯೂ ಮಸೂರವನ್ನು ಮಬ್ಬಾಗಿಸುತ್ತದೆ.

ಹಾಗೆಂದು ಅವಸರ ಸಲ್ಲದು. ಅಕ್ಷಿಪಟಲವು ಭದ್ರವಾಗಿ ಕೂಡಿದೆಯೆಂದು ಖಚಿತವಾಗುವವರೆಗೆ, ಸಾಮಾನ್ಯವಾಗಿ ಕೆಲವು ತಿಂಗಳು, ಕಾಯುವುದು ಲೇಸು. ಕಣ್ಣುಗುಡ್ಡೆಯ ಸುತ್ತ ಪಟ್ಟಿ ಬಿಗಿದಿದ್ದರೆ ಅದರ ಉದ್ದ ಬದಲಾಗುತ್ತದೆ. ಈ ಅಳತೆ ಸ್ಥಿರಗೊಂಡ ಮೇಲೆಯೇ ಕೃತಕ ಮಸೂರದ ಶಕ್ತಿಯನ್ನು ನಿರ್ಧರಿಸಬೇಕು. ಎಣ್ಣೆ ತುಂಬಿದ ಕಣ್ಣಿನಲ್ಲಿ ಎಣ್ಣೆಯೊಡನೆ ಪೊರೆಯನ್ನೂ ಒಮ್ಮೆಗೇ ತೆಗೆಯುವುದುಂಟು.

ಪೊರೆ 'ಹಣ್ಣಾಗಲಿ' ಎಂದು ವರ್ಷಗಟ್ಟಲೆ ಕಾಯುವುದೂ ತಪ್ಪು. ದಟ್ಟ ಪೊರೆಯ ಮರೆಯಲ್ಲಿರುವ ಅಕ್ಷಿಪಟಲವನ್ನು ಪರೀಕ್ಷಿಸುವುದು ಕಷ್ಟ. ಗಟ್ಟಿಯಾದ ಪೊರೆಯನ್ನು ತೆಗೆಯುವುದೂ ಕಠಿಣ. ಅಕ್ಷಿಪಟಲವು ಸ್ಥಿರವಾಗಿದ್ದು, ಪೊರೆಯಿಂದ ದೈನಂದಿನ ಕೆಲಸಕ್ಕಾಗಲಿ ವೈದ್ಯರ ಪರೀಕ್ಷೆಗಾಗಲಿ ಅಡ್ಡಿಯಾದರೆ ಅದೇ ಸೂಕ್ತ ಕಾಲ.

ಅಕ್ಷಿಪಟಲದ ನಡುಭಾಗವೇ ಕಳಚಿದ್ದವರಿಗೆ ಪೊರೆ ತೆಗೆದರೂ ಪೂರ್ಣ ದೃಷ್ಟಿ ಮರಳದಿರಬಹುದು. ಇದನ್ನು ಮೊದಲೇ ಕೇಳಿ ತಿಳಿಯಿರಿ. ನೇತ್ರ ಶಿಬಿರಕ್ಕೆ ಹೋಗುವವರು ಹಿಂದಿನ ಚಿಕಿತ್ಸೆಯ ದಾಖಲೆಗಳನ್ನು ತಪ್ಪದೆ ತೋರಿಸಬೇಕು.

ಪೊರೆಯಿಂದ ದೃಷ್ಟಿ ನಿಧಾನವಾಗಿ ಮಸುಕಾಗುತ್ತದೆ. ಇದ್ದಕ್ಕಿದ್ದಂತೆ ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ತೇಲಿದಂತೆ, ಪರದೆ ಇಳಿದಂತೆ ಕಂಡರೆ ಅದು ಪೊರೆಯ ಲಕ್ಷಣವಲ್ಲ. ಅಂದೇ ನೇತ್ರವೈದ್ಯರನ್ನು ಕಾಣಬೇಕು.