ನೋವು ಹೋದರೆ ಸಾಲದು

ನಿಮ್ಮಲ್ಲಿ ಕೆಲವರು ಜಿಮ್ ತರಬೇತುದಾರರಾಗಲು ಹೊರಟಿದ್ದೀರಿ. ಸಂತೋಷ. ಆದರೆ ಭಾರ ಎತ್ತಿಸಲು ಕಲಿತರಷ್ಟೇ ಸಾಲದು. ಪೆಟ್ಟು ತಿಂದು ಮರಳಿದವರನ್ನು ಪಳಗಿಸಲೂ ಬರಬೇಕು.

ಮೊಣಕಾಲಿನ ಎಸಿಎಲ್ ಹರಿದು ಶಸ್ತ್ರಚಿಕಿತ್ಸೆಯಾದ ಹುಡುಗನೊಬ್ಬ ಬಂದನೆನ್ನಿ. 4 ತಿಂಗಳಿಗೇ ನೋವು ಮಾಯ, ‘ಕಬಡ್ಡಿ ಆಡಲೇ?’ ಎನ್ನುತ್ತಾನೆ. ಅವಸರ ಬೇಡ. 2016ರಲ್ಲಿ ಪ್ರಕಟವಾದ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ, 9 ತಿಂಗಳಿಗೆ ಮುಂಚೆ ಇಂಥ ಆಟಕ್ಕಿಳಿದವರಿಗೆ ಮತ್ತೆ ಪೆಟ್ಟಾದದ್ದೇ ಹೆಚ್ಚು. ತೊಡೆಯ ಮುಂಭಾಗದ ಸ್ನಾಯುಬಲ ಇನ್ನೊಂದು ಕಾಲಿಗೆ ಸಮನಾದಷ್ಟೂ ಅಪಾಯ ಕಡಿಮೆ.

ಆದ್ದರಿಂದ ಮೊದಲು ವೈದ್ಯರ, ಫಿಸಿಯೋಥೆರಪಿಸ್ಟರ ಸಲಹೆ ಕೇಳಿ ತಿಳಿಯಿರಿ. ರೋಗನಿರ್ಣಯ ನಿಮ್ಮ ಕೆಲಸವಲ್ಲ. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಿ. ಮರುದಿನ ಮಂಡಿ ಊದಿದರೆ ಇಳಿಸಿ. ‘ಇನ್ನೂ ಬೇಡ’ ಎಂದರೆ ಹುಡುಗ ಮುನಿದಾನು; ಆದರೆ ಕಾಲು ಉಳಿದೀತು.