ಅರ್ಬುದರೋಗದ ಹೊಸ ಔಷಧಗಳೂ ‘ಪ್ರಯೋಗ’ವೆಂಬ ಶಬ್ದವೂ

‘ಪ್ರಯೋಗ’ವೆಂಬುದು ‘ಯುಜ್’ ಧಾತುವಿಗೆ ‘ಪ್ರ’ ಉಪಸರ್ಗವು ಸೇರಿ ಆದ ಶಬ್ದವು. ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಔಷಧಪ್ರಯೋಗವೆಂದರೆ, ಗುಣವು ತಿಳಿದಿರುವ ಔಷಧವನ್ನು ರೋಗಿಗೆ ಕೊಡುವುದು. ಆಧುನಿಕ ವಿಜ್ಞಾನವು ಕನ್ನಡಕ್ಕೆ ಬಂದ ಮೇಲೆ ಅದೇ ಶಬ್ದಕ್ಕೆ, ಗುಣವು ಇನ್ನೂ ತಿಳಿಯದ ವಸ್ತುವನ್ನು ಪರೀಕ್ಷಿಸಿ ನೋಡುವುದೆಂಬ ಅರ್ಥವೂ ಸಲ್ಲುತ್ತಿರುವುದು. ಈ ಎರಡು ಅರ್ಥಗಳೂ ಒಂದಕ್ಕೊಂದು ಎದುರಾದುವು. ಕಾವ್ಯದಲ್ಲಿ ಶ್ಲೇಷವು ಅಲಂಕಾರವಾದೀತು. ರೋಗಿಯು ಹೆಬ್ಬೆಟ್ಟು ಒತ್ತುವ ಸಮ್ಮತಿಪತ್ರದಲ್ಲಿ ಅದು ದೋಷವೇ ಸರಿ. ಅರ್ಬುದರೋಗದ ಹೊಸ ಔಷಧಗಳ ವಿಷಯದಲ್ಲಿ ಈ ದೋಷದ ಪರಿಣಾಮವು ಎಂತಹುದೆಂಬುದು ವಿಚಾರಾರ್ಹವಾಗಿದೆ.

ಹೊಸ ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸುವ ಕ್ರಮವು ಘಟ್ಟಘಟ್ಟವಾಗಿ ನಡೆಯತಕ್ಕದ್ದು. ಮೊದಲನೆಯ ಘಟ್ಟದಲ್ಲಿ ಕೆಲವೇ ಮಂದಿಗೆ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಬಳಿಕ ಬರುವವರಿಗೆ ಪ್ರಮಾಣವನ್ನು ಏರಿಸುತ್ತ, ದೇಹವು ಎಷ್ಟನ್ನು ತಾಳಬಲ್ಲುದೆಂಬುದನ್ನು ನಿರ್ಣಯಿಸುವರು. ಎರಡನೆಯದರಲ್ಲಿ ರೋಗದ ಮೇಲಣ ಪರಿಣಾಮವನ್ನು ನೋಡುವರು. ಮೂರನೆಯದರಲ್ಲಿ ರೂಢಿಯ ಚಿಕಿತ್ಸೆಯೊಡನೆ ತೂಗಿ ನೋಡುವರು. ಈ ಘಟ್ಟಗಳು ಔಷಧವನ್ನು ಕುರಿತ ಜ್ಞಾನಕ್ಕೆ ಸಂಬಂಧಿಸಿದುವೇ ಹೊರತು ರೋಗಿಯ ಆರೋಗ್ಯಕ್ಕೆ ಸಂಬಂಧಿಸಿದುವಲ್ಲ. ‘ಮೊದಲ ಹಂತದ ಚಿಕಿತ್ಸೆ’ ಎಂದು ಬರೆದರೆ, ಮುಂದಿನ ಹಂತದಲ್ಲಿ ತನಗೆ ಗುಣವಾಗುವುದೆಂದು ರೋಗಿಯು ತಿಳಿಯುವುದು ಸಹಜವು.

ಸುಶ್ರುತನು ನಿದಾನಸ್ಥಾನದಲ್ಲಿ ಅರ್ಬುದವನ್ನು ಗ್ರಂಥಿ, ಅಪಚಿ, ಗಲಗಂಡಗಳೊಡನೆ ವಿವರಿಸಿರುವನು. ಆ ಹಳೆಯ ರೋಗಕ್ಕೆ ಈಗ ಒದಗಿರುವುದು ಗುರಿಯರಿತು ತಾಗುವ ಔಷಧವರ್ಗವು. ರಕ್ತದ ಒಂದು ಬಗೆಯ ಅರ್ಬುದದಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಸ್ಥಾನವನ್ನು ಅದಲುಬದಲು ಮಾಡಿಕೊಂಡಿರುವುವೆಂದು ಜಾನೆಟ್ ರೌಲಿಯೆಂಬ ವಿದುಷಿಯು 1973ರಲ್ಲಿ ತೋರಿಸಿದಳು. ಆ ಬದಲಾವಣೆಯಿಂದ ಹುಟ್ಟುವ ದುಷ್ಟ ಕಿಣ್ವವೊಂದನ್ನೇ ತಡೆಯುವ ಇಮ್ಯಾಟಿನಿಬ್ ಔಷಧದ ಮೊದಲ ಘಟ್ಟದ ಪರೀಕ್ಷೆಯು ಅಮೆರಿಕದಲ್ಲಿ 1998ರಲ್ಲಿ ಆರಂಭವಾಯಿತು. ದಿನಕ್ಕೆ 25 ಮಿಲಿಗ್ರಾಮಿನಿಂದ ಮೊದಲಾಗಿ ಪ್ರಮಾಣವು ಕ್ರಮವಾಗಿ ಏರಿತು. 300 ಮಿಲಿಗ್ರಾಮ್ ಅಥವಾ ಅದಕ್ಕೂ ಮೇಲ್ಪಟ್ಟು ಸೇವಿಸಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆಯು ಸಹಜಸ್ಥಿತಿಗೆ ಬಂದಿತೆಂಬುದು 2001ರಲ್ಲಿ ಪ್ರಕಟವಾಯಿತು. ಇದು ಅಪೂರ್ವ ಫಲವು. ಅಪವಾದವನ್ನೇ ಉತ್ಸರ್ಗವೆಂದು ವೈಯಾಕರಣರು ಒಪ್ಪುವುದಿಲ್ಲ. ಈ ಒಂದು ನಿದರ್ಶನವನ್ನು ಮುಂದಿಟ್ಟು ಎಲ್ಲ ರೋಗಿಗಳಿಗೂ ಆಸೆ ತೋರಿಸುವುದೂ ಯುಕ್ತವಲ್ಲ.

‘ಗುರಿ’ಯೆಂಬ ಮಾತೂ ಎಚ್ಚರವನ್ನು ಬೇಡುವುದು. ದಶರಥನ ಶಬ್ದವೇಧಿಬಾಣವು ಶಬ್ದವನ್ನು ತಪ್ಪದೆ ಸೇರಿತು. ಆದರೆ ಆ ಶಬ್ದವು ಆನೆಯದಾಗಿರದೆ, ಮುನಿಕುಮಾರನು ನೀರು ತುಂಬುತ್ತಿದ್ದ ಕೊಡದ್ದಾಗಿತ್ತು. ಸ್ತನದ ಅರ್ಬುದಕ್ಕೆ ಕೊಡುವ ಟ್ರಾಸ್ಟುಜುಮಾಬ್ ಕೆಲವರ ಹೃದಯವನ್ನು ದುರ್ಬಲಗೊಳಿಸುವುದಕ್ಕೆ ಕಾರಣವು ಇಂತಹುದೇ. ಅದು ಹುಡುಕುವ ಗುರುತು ಹೃದಯದ ಕಣಗಳಲ್ಲಿಯೂ ಇರುವುದು. ಗುರಿ ತಪ್ಪದಿದ್ದರೂ ಅಪಾಯವು ತಪ್ಪದೆಂಬುದನ್ನು ರೋಗಿಗೆ ತಿಳಿಸತಕ್ಕದ್ದು.

ಕರ್ಣಾಟಕಕ್ಕೂ ಈ ವಿಷಯವು ದೂರದ್ದಲ್ಲ. ಕ್ಯೂಬಾ ದೇಶದಲ್ಲಿ ಮೂಲತಃ ಸಿದ್ಧವಾದ ನಿಮೋಟುಜುಮಾಬ್ ಎಂಬ ಔಷಧವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2006ರಲ್ಲಿ ತಲೆ ಕುತ್ತಿಗೆಗಳ ಅರ್ಬುದಕ್ಕಾಗಿ ಹೊರತಂದಿತು. ಭಾರತದ 92 ರೋಗಿಗಳಲ್ಲಿ ನಡೆದ ಅದರ ಎರಡನೆಯ ಘಟ್ಟದ ಪರೀಕ್ಷೆಯ ಐದು ವರ್ಷಗಳ ಫಲವು 2014ರಲ್ಲಿ ಪ್ರಕಟವಾಯಿತು. ಅಲ್ಲಿ ಯಾರಿಗೆ ಹೊಸ ಔಷಧ, ಯಾರಿಗೆ ರೂಢಿಯ ಚಿಕಿತ್ಸೆ ಮಾತ್ರ ಎಂಬುದನ್ನು ವೈದ್ಯರು ಆರಿಸಲಿಲ್ಲ. ಇದನ್ನು ‘ಯಾದೃಚ್ಛಿಕ ವಿಂಗಡಣೆ’ ಎಂದರೆ ಪಂಡಿತರಿಗೆ ಮಾತ್ರ ತಿಳಿದೀತು. ‘ಚೀಟಿ ಎತ್ತಿದಂತೆ’ ಎಂದರೆ ಎಲ್ಲರಿಗೂ ತಿಳಿಯುವುದು.

ಕಲಬುರಗಿ ನಗರದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾಕೇಂದ್ರವುಂಟು. ಹುಮನಾಬಾದಿನ ಹಾದಿಯಲ್ಲಿರುವ, ಕೆಂಪುಬಾಳೆಗೆ ಹೆಸರಾದ ಕಮಲಾಪುರದಂತಹ ಊರುಗಳ ರೋಗಿಗಳಿಗೆ ನಗರದ ದವಾಖಾನೆಯೇ ಹತ್ತಿರದ ಆಶ್ರಯವು. ಅಲ್ಲಿನ ಒಕ್ಕಲಿಗನೊಬ್ಬನು ಮುಂದೆ ಬೆಂಗಳೂರಿಗೆ ಹೋಗಿ ಇಂತಹ ಪರೀಕ್ಷೆಗೆ ಸೇರುವ ಪ್ರಸಂಗ ಬಂದರೆ, ಸಮ್ಮತಿಪತ್ರದ ಭಾಷೆಯು ಅವನಿಗೆ ತಿಳಿಯುವುದೇ ಎಂಬುದು ಪ್ರಶ್ನೆಯು. ‘ಪರೀಕ್ಷೆ’ಯೆಂದರೆ ತನ್ನ ರಕ್ತದ ಪರೀಕ್ಷೆಯೆಂದೂ, ‘ಔಷಧಪ್ರಯೋಗ’ವೆಂದರೆ ಔಷಧ ಕೊಡುವುದೆಂದೂ ಅವನು ತಿಳಿಯಬಹುದು. ಅದಕ್ಕೆ ಬದಲಾಗಿ, “ಈ ದವಾದಿಂದ ನಿಮಗ ಆರಾಮ ಆಗ್ತದಂತ ಹೇಳಲಾಕ ಬರಲ್ಲ. ಎಷ್ಟು ಕೊಟ್ರ ಮೈ ತಡಕೊಳ್ತದ ಅಂತ ತಿಳಕೊಳ್ಳಲಾಕ ಕೊಡ್ತೀವಿ. ನೀವು ಬ್ಯಾಡ ಅಂದ್ರೂ ನಿಮ್ಮ ಇಲಾಜ ನಿಲ್ಲಲ್ಲ” ಎಂದು ಆ ಸೀಮೆಯ ಮಾತಿನಲ್ಲಿ ಓದಿ ಹೇಳಿದರೆ ಸಂಶಯಕ್ಕೆ ಎಡೆಯಿರದು.

ಭಾರತ ಸರ್ಕಾರದ 2019ರ ನಿಯಮಗಳೂ ಇದನ್ನೇ ವಿಧಿಸುವುವು. ಪರೀಕ್ಷೆಗೆ ಒಳಪಡುವವನಿಗೆ ತಿಳಿಯುವ, ಶಾಸ್ತ್ರಪರಿಭಾಷೆಯಿಲ್ಲದ ಭಾಷೆಯಲ್ಲಿ ವಿಷಯವನ್ನು ತಿಳಿಸಬೇಕು. ಅವನು ನಿರಕ್ಷರನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಆದ್ಯಂತ ಉಪಸ್ಥಿತನಿರಬೇಕು. ಪರೀಕ್ಷೆಗೆ ಅನುಮತಿ ಕೊಡುವ ನೀತಿಸಮಿತಿಯಲ್ಲಿ ಕನಿಷ್ಠ ಏಳು ಮಂದಿಯಿದ್ದು, ಅವರಲ್ಲಿ ವೈದ್ಯನಲ್ಲದ ಸಾಮಾನ್ಯನೊಬ್ಬನೂ ಇರತಕ್ಕದ್ದು.

ಆ ಸ್ಥಾನವು ಭಾಷೆಯನ್ನು ಬಲ್ಲವರಿಗೆ ಚೆನ್ನಾಗಿ ಒಪ್ಪುವುದು. 14ನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿಯೇ ನಿರೂಪಿಸಿದನು, ಆದುದರಿಂದ ಭಾಷೆಗೆ ಶಕ್ತಿ ಸಾಲದೆಂಬ ಮಾತು ನಿಲ್ಲದು. ಕನ್ನಡ ಉಪಾಧ್ಯಾಯರು ಸಮ್ಮತಿಪತ್ರದ ಕರಡನ್ನು ಓದಿ, ಎರಡರ್ಥದ ಶಬ್ದಗಳನ್ನು ಗುರುತಿಸಿ, ಆ ಸೀಮೆಯ ನಾಲ್ಕು ಮಂದಿಗೆ ಓದಿ ಹೇಳಿ, ಅವರು ಏನು ತಿಳಿದರೆಂದು ಕೇಳಿ ತಿದ್ದಿಕೊಡಬೇಕು. ಅರ್ಥವಾಗದೆ ಒತ್ತಿದ ಹೆಬ್ಬೆಟ್ಟು ಸಮ್ಮತಿಯೆನಿಸದು.